ಅಂದೇ ಕೇಳಬೇಕಿತ್ತು, ವನಜಾ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಬಸ್ಸು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅವನು ಹತ್ತಿದ.

ಕಂಡಕ್ಟರ್ ವನಜಾಕ್ಷಿಯ ಕೈ ಟಿಕೆಟ್ ಮಿಷನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಮಧುಕುಮಾರ್! ಮೂರು ವರ್ಷದಿಂದ ಮುಖ ಕಾಣದ ಅವಳ ಗಂಡ.

“ಎಲ್ಲಿಗೆ?” ಎಂದಳು, ಬೇರೆ ಯಾರನ್ನೋ ಕೇಳುವಂತೆ.

“ನರಸೀಪುರ… ಹೇಗಿದ್ದೀಯಾ ವನಜಾ?”

ಅವಳು ಚಿಲ್ಲರೆ ಎಣಿಸಿದಳು. ಟಿಕೆಟ್ ಕೊಡುವಾಗ ಬೆರಳುಗಳು ಗಡಗಡ ನಡುಗಿದವು.

‘ಇನ್ನೂ ನನ್ನ ಮೇಲೆ ಅಷ್ಟು ಸಿಟ್ಟಾ?’ ಎಂದುಕೊಂಡ ಅವನು. ಅವಳು ಪಕ್ಕದ ಸೀಟಿನತ್ತ ತಿರುಗಿದಾಗ ಖಾಕಿ ಕಾಲರಿನ ಮೇಲೆ ಉಬ್ಬಿದ್ದ ಕೊರಳು ಕಣ್ಣಿಗೆ ಬಿತ್ತು. ನಿಂಬೆಹಣ್ಣಿನ ಗಾತ್ರದ ಗಂಟು.

ನರಸೀಪುರ ಬರುವವರೆಗೂ ಅವನಿಗೆ ಬೇರೇನೂ ಕಾಣಲಿಲ್ಲ.

ಹದಿನಾರು ಎಂಬ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಮಧುಕುಮಾರ್, ಮೂಗೂರಿನ ವನಜಾಕ್ಷಿಯನ್ನು ಮೆಚ್ಚಿಯೇ ಮದುವೆಯಾಗಿದ್ದ. ನಾಲ್ಕು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಅವಳು ಬದಲಾದಳು. ಚಳಿಗಾಲದಲ್ಲೂ ಬೆವರುವಳು. ನಿದ್ದೆಯಿಲ್ಲ. ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತಿತ್ತು. ಸಣ್ಣ ಮಾತಿಗೂ ಸಿಡುಕು, ಮರುಕ್ಷಣವೇ ಅಳು.

ಎದೆ ಡವಗುಟ್ಟುತ್ತದೆ, ಮೈಯೊಳಗೆ ಬೆಂಕಿ ಇಟ್ಟ ಹಾಗಿದೆ ಎಂದು ಅವನಿಗೆ ಎರಡು ಸಲ ಹೇಳಿದ್ದಳು. ದಿನವಿಡೀ ಬಸ್ಸಿನಲ್ಲಿ ನಿಂತರೆ ಹಾಗೇ ಆಗೋದು ಎಂದು ಅವನು ಫೋನಿನಿಂದ ತಲೆ ಎತ್ತದೆ ಹೇಳಿಬಿಟ್ಟಿದ್ದ.

ಒಂದು ಮಧ್ಯಾಹ್ನ ನೆಂಟರು ಊಟಕ್ಕೆ ಕೂತಿದ್ದರು. ಸಾರು ಸಪ್ಪೆ ಎಂದು ಅವನು ನಗುತ್ತಾ ಅಂದ. ಅವಳು ಸಾರಿನ ಪಾತ್ರೆಯನ್ನೇ ಅಂಗಳಕ್ಕೆ ಎಸೆದಳು.

“ತಲೆ ಕೆಟ್ಟೋಳ ಜೊತೆ ಬಾಳಕ್ಕಾಗಲ್ಲ. ನಿಮ್ಮವ್ವನ ಮನೆಗೆ ಹೋಗು,” ಅಂದ ಎಲ್ಲರೆದುರು.

ಸಂಜೆಯೊಳಗೆ ಅವಳು ಹೋದಳು. ಆಮೇಲೆ ಅವನೂ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ.

ಬಸ್ಸಿಳಿದವನು ನಿಲ್ದಾಣದಲ್ಲೇ ನಿಂತು ಅತ್ತೆ ಚಿಕ್ಕಮಾದಮ್ಮನಿಗೆ ಫೋನ್ ಹಚ್ಚಿದ. ಆಕೆ ಎಲ್ಲ ಹೇಳಿದಳು. ತವರಿಗೆ ಬಂದ ಆರನೇ ತಿಂಗಳು ವನಜಾಕ್ಷಿ ಡ್ಯೂಟಿಯಲ್ಲೇ ತಲೆಸುತ್ತಿ ಬಿದ್ದಿದ್ದಳು. ಪರೀಕ್ಷೆ ಮಾಡಿಸಿದರೆ ಥೈರಾಯ್ಡ್. ಕೊರಳಿನ ಗ್ರಂಥಿಯಲ್ಲಿ ಗಂಟು ಬೆಳೆದು, ಅದು ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನು ಸುರಿಯುತ್ತಿತ್ತು. ಆ ಬೆವರು, ಆ ನಡುಕ, ಆ ಸಿಡುಕು ಬಹುಪಾಲು ಅದರದ್ದೇ.

ಮಾತ್ರೆ ನುಂಗಿದರೆ ತಗ್ಗುವುದು, ಬಿಟ್ಟರೆ ಮತ್ತೆ ಏರುವುದು. ಡಾಕ್ಟರು ಆಪರೇಷನ್ ಮಾಡೋಣ ಅಂದಿದ್ದರು. ದನಿಯ ನರಕ್ಕೆ ಪೆಟ್ಟು ಬೀಳುವುದು ಅಪರೂಪ, ಆದರೆ ಇಲ್ಲವೆನ್ನಲಾಗದು ಎಂದೂ ಅಂದಿದ್ದರು. ದಿನವೆಲ್ಲ ಸ್ಟಾಪು ಕೂಗುವವಳಿಗೆ ದನಿಯೇ ಹೋದರೆ? ಕೊಯ್ಯದೆ ವಾಸಿಯಾಗುವ ದಾರಿ ಹುಡುಕುತ್ತಾ ಮೈಸೂರಿನ ಮೂರು ಆಸ್ಪತ್ರೆ ಅಲೆದಿದ್ದಳು. ಒಬ್ಬಳೇ.

“ಅವತ್ತೇ ಕೇಳ್ಬೇಕಿತ್ತು ಕಣಪ್ಪ ನೀನು,” ಅಂದಳು ಚಿಕ್ಕಮಾದಮ್ಮ.

ಮುಂದಿನ ವಾರ ವನಜಾಕ್ಷಿ ಆಸ್ಪತ್ರೆಗೆ ಹೋದಾಗ ಅವನು ಬಾಗಿಲಲ್ಲಿ ನಿಂತಿದ್ದ. ಅವ್ವನದೇ ಕೆಲಸ ಎಂದು ಅವಳಿಗೆ ತಿಳಿಯಿತು.

ಡಾಕ್ಟರ್ ವಾಣಿ ನಿಧಾನವಾಗಿ ವಿವರಿಸಿದರು. ವಿಕಿರಣ ಸೂಸುವ ಅಯೋಡಿನ್ ಔಷಧಿ, ಒಂದು ಸಲ ನುಂಗಿದರೆ ಸಾಕು. ಅತಿಯಾಗಿ ಕೆಲಸ ಮಾಡುವ ಗ್ರಂಥಿ ತಿಂಗಳುಗಳಲ್ಲಿ ತಣ್ಣಗಾಗುತ್ತದೆ. ಗಂಟು ಪೂರ್ತಿ ಕರಗದೇ ಇರಬಹುದು, ಮುಂದೆ ಜೀವನವಿಡೀ ಮಾತ್ರೆ ಬೇಕಾಗಬಹುದು. ನುಂಗಿದ ಮೇಲೆ ಒಂದು ವಾರ ಎಲ್ಲರಿಂದ ದೂರ ಇರಬೇಕು, ಬಸುರಿಯರಿಂದ ಇನ್ನೂ ಹೆಚ್ಚು ದಿನ. ಆರು ತಿಂಗಳು ಮಗುವಿನ ಯೋಚನೆ ಬೇಡ ಎಂದು ಇಬ್ಬರನ್ನೂ ನೋಡಿ ಹೇಳಿದರು.

ಇಬ್ಬರೂ ನೆಲ ನೋಡಿದರು.

ಮೂಗೂರಿನ ಮನೆಯಲ್ಲಿ ತಮ್ಮನ ಹೆಂಡತಿ ಭಾನುಪ್ರಿಯಾಗೆ ಐದು ತಿಂಗಳು. ಅಲ್ಲಿ ಇರುವಂತಿಲ್ಲ. ಹದಿನಾರಿನ ಮನೆಯಲ್ಲಿ ತಾನೊಬ್ಬನೇ ಇರುವುದು, ಅಲ್ಲಿಗೇ ಬರಲಿ ಎಂದ ಮಧುಕುಮಾರ್.

ಹೊರಗೆ ಬಂದ ಮೇಲೆ ಅವಳು ಕೇಳಿದಳು. “ಕನಿಕರಕ್ಕೆ ಬಂದ್ರಾ?”

“ಕಾಯಿಲೆ ಅಂತ ಗೊತ್ತಾಗ್ಲಿಲ್ಲ ವನಜಾ.”

“ಕಾಯಿಲೆ ಇಲ್ದೆ ನಂಗೆ ಬರೀ ಸಿಟ್ಟು ಬಂದಿದ್ರೆ? ಆಗ ನೀವು ಅಂದಿದ್ದು ಸರಿಯಾಗ್ತಿತ್ತಾ?”

ಅವನು ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಚತೊಡಗಿದ. ಭಾನುಪ್ರಿಯಾಳ ಹೊಟ್ಟೆಯಲ್ಲಿದ್ದ ಮಗುವಿಗಾಗಿ ಮಾತ್ರ ಅವಳು ಹದಿನಾರಿಗೆ ಬರಲು ಒಪ್ಪಿದಳು.

ಔಷಧಿ ನುಂಗಿದ ದಿನ ಗೆಳೆಯನ ಓಮ್ನಿಯಲ್ಲಿ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕರೆತಂದ. ಅವಳಿಗೆ ಒಳಕೋಣೆ, ಅವನಿಗೆ ಜಗಲಿ. ಡೈರಿಯಿಂದ ಬಂದು ಅವನೇ ಅಡುಗೆ ಮಾಡಿ, ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದ. ಮೂರು ದಿನ ಮಾತೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ತಟ್ಟೆ ಇಟ್ಟವನು ಜಗಲಿಯಲ್ಲೇ ನಿಂತ.

“ಕಾಯಿಲೆ ಇಲ್ದಿದ್ರೂ ಕೇಳ್ಬೇಕಿತ್ತು,” ಅಂದ. “ಯಾಕೆ ಹಿಂಗಾಡ್ತೀಯಾ ಅಂತ ಪಕ್ಕದಲ್ಲಿ ಕೂತು ಒಂದ್ಸಲಾನೂ ಕೇಳ್ಲಿಲ್ಲ. ನೆಂಟ್ರ ಮುಂದೆ ನನ್ನ ಮರ್ಯಾದೇನೇ ದೊಡ್ದಾಯ್ತು. ತಪ್ಪು ನಂದು… ನಿನ್ನ ಥೈರಾಯ್ಡ್‌ದಲ್ಲ.”

ಒಳಗಿನಿಂದ ಅಳುವ ಸದ್ದು ಕೇಳಿಸಿತು. ಅವನು ಹೊಸ್ತಿಲವರೆಗೆ ಬಂದು, ದೂರ ಇರಬೇಕೆಂಬುದು ನೆನಪಾಗಿ ಹಿಂದೆ ಸರಿದ.

“ರಿಪೋರ್ಟ್ ಬಂದ ದಿನ ನಿಮ್ಮ ನಂಬರ್ ಒತ್ತಿದ್ದೆ ಕಣ್ರೀ,” ಅಂದಳು ಅವಳು. “ನಾನು ಹುಚ್ಚಿ ಅಲ್ಲ ಅಂತ ಹೇಳಕ್ಕೆ ಕಾಗದ ತೋರಿಸ್ಬೇಕಾ ಅನ್ನಿಸ್ತು. ಕಟ್ ಮಾಡ್ಬಿಟ್ಟೆ. ಆ ಫೋನ್ ಮಾಡಿದ್ರೆ ಎರಡೂವರೆ ವರ್ಷ ಉಳೀತಿತ್ತು.”

ಅಂದಿನಿಂದ ಅವನು ಜಗಲಿಯಲ್ಲಿ, ಅವಳು ಕೋಣೆಯಲ್ಲಿ ಕೂತು ಮಾತಾಡಿದರು. ಕಳೆದ ದಿನಗಳದ್ದೇ ಮಾತು. ಅವಳು ಒಬ್ಬಳೇ ಸ್ಕ್ಯಾನಿಂಗಿಗೆ ಹೋದದ್ದು, ಬಿದ್ದಾಗ ಯಾರೋ ಹೂ ಮಾರುವಾಕೆ ನೀರು ಕುಡಿಸಿದ್ದು. ಕೇಳುತ್ತಾ ಕೇಳುತ್ತಾ ಅವನು ಎಷ್ಟೋ ಸಲ ಮುಖ ಮುಚ್ಚಿಕೊಂಡ.

ಎಂಟನೇ ದಿನ ಅವಳು ತಲೆಗೆ ಎರೆದುಕೊಂಡು ಜಗಲಿಗೆ ಬಂದಳು. ಗಂಟು ಹಾಗೇ ಇತ್ತು. ಇಳಿಯಲು ಇನ್ನೂ ತಿಂಗಳುಗಳು ಬೇಕು. ಅವನು ಜಗಲಿಯ ಆ ತುದಿಯಲ್ಲಿ ಕೂತಿದ್ದ.

“ಮೂರು ವರ್ಷ ಹಾಳಾಯ್ತಲ್ಲ ವನಜಾ…”

“ಹಾಳಾಯ್ತು,” ಅಂದಳು. ಸಮಾಧಾನಕ್ಕಾದರೂ ಇಲ್ಲ ಅನ್ನಲಿಲ್ಲ. ಒದ್ದೆ ಕೂದಲು ಕೊಡವಿಕೊಂಡು ಅವನತ್ತ ತಿರುಗಿದಳು. “ಅಷ್ಟು ದೂರ ಯಾಕೆ ಕೂತಿದ್ದೀರಿ? ಡಾಕ್ಟ್ರು ಹೇಳಿದ ದಿನ ಮುಗೀತು. ಹತ್ರ ಬನ್ನಿ.”

“ನೀನು ಕರೀಲಿ ಅಂತ ಕೂತಿದ್ದೆ.”

“ಇನ್ಮೇಲೆ ಹಂಗೆ ಕೂರ್ಬೇಡಿ. ಬಂದ್ಬಿಡಿ.”