ಎರಡು ಸೀಟಿ

ತೊಟ್ಟಿಲಿನ ಕೊಂಡಿಗೆ ಎಣ್ಣೆ ಬಿಡಬಾರದೆಂಬುದು ನಮ್ಮ ಮನೆಯ ಹಿರಿಯರೆಲ್ಲ ಕೂತು ಕೈಗೊಂಡ ಮಹತ್ವದ ನಿರ್ಣಯ. ಅದು ಕಿರುಗುಟ್ಟದಿದ್ದರೆ ಮಗು ಮಲಗುವುದಿಲ್ಲ. ಕಿರುಗುಟ್ಟಿದರೆ ನನಗೆ ನಿದ್ದೆಯಿಲ್ಲ. ಹೀಗೆ ಹನ್ನೊಂದು ರಾತ್ರಿ ಕಳೆದ ಮೇಲೆ, ಎಂದಿನಂತೆ ಬಸ್ಸು ಓಡಿಸಲು ಹೋದೆ.

ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ನಾವು ಡ್ರೈವರುಗಳು ಹಿಂದೆ ತಿರುಗಿ ನೋಡುವುದಿಲ್ಲ. ಅಂದು ಪ್ರತಿ ನಿಲ್ದಾಣದಲ್ಲೂ ಆ ಎರಡು ಸೀಟಿ ನನ್ನ ಎಡಗಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಇಂಜಿನ್ನಿನ ಕಾವಿಗೆ ಮೈಯೆಲ್ಲ ಬೆವರು. ಆ ಕಿವಿ ಮಾತ್ರ ತಣ್ಣಗಿತ್ತು.

ಮಧ್ಯಾಹ್ನ ಮಾರುಕಟ್ಟೆಯ ಬಳಿ ಎರಡು ಸೀಟಿ ಕೇಳಿ ಹೊರಟೆ. ಹಿಂದಿನಿಂದ ಕಿರುಚಾಟ ಕೇಳಿ ಬ್ರೇಕ್ ಒತ್ತಿದೆ. ಇಳಿಯುತ್ತಿದ್ದ ಅಜ್ಜಿಯನ್ನು ಕಂಡಕ್ಟರ್ ರಟ್ಟೆ ಹಿಡಿದು ಉಳಿಸಿದ್ದ.

"ಏನಯ್ಯಾ, ಅಜ್ಜೀನ ಸೀದಾ ಚಕ್ರದ ಕೆಳಗೇ ಇಳಿಸ್ತೀಯಾ?"

"ನೀನೇ ಊದಿದ್ಯಲ್ಲಯ್ಯಾ!"

"ಏನ್ ಊದಿದ್ದು? ಸೀಟಿ ಮನೇಲೇ ಮರೆತು ಬಂದಿದೀನಿ. ಬೆಳಿಗ್ಗೆಯಿಂದ ಬಾಗಿಲು ಬಡಿದೂ ಬಡಿದೂ ಅಂಗೈ ಕೆಂಪಾಗಿದೆ, ನೋಡು!"

ಡಿಪೋದವರು ನನ್ನನ್ನು ರಜೆಯ ಮೇಲೆ ಕಳಿಸಿದರು. ನೆಂಟರ ಮನೆಯಲ್ಲಿ ಹದಿನಾಲ್ಕು ಗಂಟೆ ಮಲಗಿದೆ. ಬಸ್ಸನ್ನು ಇನ್ನೊಬ್ಬ ಡ್ರೈವರಿಗೆ ಕೊಟ್ಟರು. ಮಲಗಿದರೆ ಕುಂಭಕರ್ಣನಂತೆ ಗೊರಕೆ ಹೊಡೆಯುವ ಆಸಾಮಿ. ಅವನು ಒಂದೇ ದಿನ ಓಡಿಸಿ, ಎಡಗಿವಿ ಉಜ್ಜಿಕೊಳ್ಳುತ್ತಾ ಬೇರೆ ಬಸ್ಸು ಕೇಳಿ ಪಡೆದ.