ಬಾಗಿಲ ಹಿಂದಿನ ಮೂಲೆ

"ಬರ್ರಿ, ಒಳಗ ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ..." ಎನ್ನುತ್ತಾ ತಲೆ ಎತ್ತಿದ ಉಜ್ವಲಾಳ ಮಾತು ಅರ್ಧಕ್ಕೇ ನಿಂತಿತು.

ಹೊಸ್ತಿಲ ಆಚೆ ನಿಂತಿದ್ದವನು ದುಂಡೇಶ.

ಮೂರು ವರ್ಷ... ಮೂರು ವರ್ಷದ ಮೇಲೆ ಅದೇ ಮುಖ. ಬಿಸಿಲಿಗೆ ಸ್ವಲ್ಪ ಕಂದಿದೆ, ಗಡ್ಡ ಬಂದಿದೆ, ಅಷ್ಟೇ. ಅವನೂ ಅವಳನ್ನು ನೋಡಿ ಚಪ್ಪಲಿ ಬಿಡುವುದನ್ನು ಮರೆತಿದ್ದ.

ಅವನ ಪಕ್ಕದಲ್ಲಿದ್ದ ಹುಡುಗಿಗೆ ಇದಾವುದೂ ಗೊತ್ತಿಲ್ಲ. ಅವಳು ಬಡಬಡನೆ ಶುರು ಮಾಡಿದಳು.

"ನಾ ಪ್ರಾಜಕ್ತಾ ರೀ ಮೇಡಂ. ಐಗಳಿಯಿಂದ ಬಂದೀವಿ. ಇಂವ ನಮ್ಮಣ್ಣ. ನಾ ಸೆಪ್ಟೆಂಬರದಾಗ ಇಂಗ್ಲೆಂಡಿಗೆ ಹೊಂಟೀನ್ರಿ ಓದಾಕ. ಚಾ ಬಿಟ್ರ ನನಗ ಏನೂ ಮಾಡಾಕ ಬರೂದಿಲ್ರಿ. ಅದೂ ಒಮ್ಮೊಮ್ಮೆ ಉಕ್ಕತೈತಿ."

"ಕಲಿಸೋಣ ಬಾರವಾ," ಎಂದಳು ಉಜ್ವಲಾ. ಆಮೇಲೆ ಅವನ ಕಡೆ ತಿರುಗಿ, "ನೀವು ಹೊರಗ ಕುಂದರ್ರಿ. ಕ್ಲಾಸು ಮುಗೀಲಿಕ್ಕೆ ಎರಡು ತಾಸು ಬೇಕು."

ನೀವು!

ಒಂದೇ ಪಾತ್ರೆಯಲ್ಲಿ ಅನ್ನ ಹಂಚಿ ತಿಂದವಳು ಇವತ್ತು 'ನೀವು' ಅಂದಳು. ಆ ಒಂದು ಮಾತು ಅವನ ಕೆನ್ನೆಗೆ ಹೊಡೆದಂತಾಯಿತು.

"ಹಂಗ ಆಗಲ್ರಿ," ಎಂದಷ್ಟೇ ಹೇಳಿ ದುಂಡೇಶ ಮೆಟ್ಟಿಲಿಳಿದ.

ಚಿಕ್ಕೋಡಿಯಲ್ಲಿ ಉಜ್ವಲಾಳ ಕ್ಲಾಸು ಗೊತ್ತಿಲ್ಲದವರು ಕಡಿಮೆ. ಪರದೇಶಕ್ಕೆ ಓದಲು ಹೊರಟ ಹುಡುಗ ಹುಡುಗಿಯರಿಗೆ ಅಲ್ಲಿ ಮನೆ ನಡೆಸುವುದನ್ನು ಆರು ದಿನ ಕಲಿಸುತ್ತಾಳೆ. ಒಂದೇ ಪಾತ್ರೆಯಲ್ಲಿ ಅನ್ನ ಸಾರು ಮಾಡುವುದು, ಐದು ಜನರ ನಡುವೆ ಒಂದು ಫ್ರಿಜ್ಜು ಹಂಚಿಕೊಳ್ಳುವುದು, ಒದ್ದೆ ಬಟ್ಟೆ ರೂಮಿನೊಳಗೇ ಒಣಗಿಸಿದರೂ ಗೋಡೆಗೆ ಬೂಷ್ಟು ಹತ್ತದಂತೆ ನೋಡುವುದು, ಬಾಡಿಗೆ ಕರಾರು ಓದುವುದು, ಕೊನೆಗೆ ರೂಮು ಬಿಟ್ಟು ಬರುವುದು. "ಅನ್ನಾ ಬಸಿಯೂದು ಕಲಸಾಕೂ ಒಂದು ಕ್ಲಾಸೇನ?" ಎಂದು ಮೊದಲು ಓಣಿಯವರು ನಕ್ಕಿದ್ದರು. ಈಗ ಅವರ ಮಕ್ಕಳೇ ಬಂದು ಕುಳಿತಿದ್ದಾರೆ, ಊರ ಬಾಯಿ ತಾನಾಗಿಯೇ ಮುಚ್ಚಿದೆ.

ಇಷ್ಟೆಲ್ಲ ಹೇಗೆ ಗೊತ್ತು ಎಂದರೆ, ಉಜ್ವಲಾ ಲೀಡ್ಸಿನಲ್ಲಿ ಆರು ತಿಂಗಳು ಓದಿದವಳು. ಬರೀ ಆರು ತಿಂಗಳು. ಓದು ಯಾಕೆ ಅರ್ಧಕ್ಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, "ಅಪ್ಪ ಹೋದ್ರಲ್ರಿ," ಎನ್ನುತ್ತಾಳೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಪೂರ್ತಿ ನಿಜ ಈಗ ಹೊರಗೆ ಬೇವಿನ ಗಿಡದ ನೆರಳಲ್ಲಿ, ಗಾಡಿಗೆ ಒರಗಿ ನಿಂತಿತ್ತು.

ಲೀಡ್ಸಿನ ಆ ಮನೆಗೆ ಮೂರು ಅಂತಸ್ತು, ಐದು ರೂಮು, ಒಂದೇ ಅಡುಗೆಮನೆ. ಹೋದ ಮೂರನೇ ದಿನ ಉಜ್ವಲಾ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳು. ಹೊಗೆ ಎದ್ದಿತು. ಚಾವಣಿಯಲ್ಲಿದ್ದ ಅಲಾರಾಮು ಜೀವ ಹೋಗುವಂತೆ ಕೂಗತೊಡಗಿತು.

"ಅಯ್ಯ ಶಿವನ... ಇನ್ನೇನ್ ಮಾಡ್ಲಿ!"

ಮೇಲಿನ ಅಂತಸ್ತಿನಿಂದ ಒಬ್ಬ ಟವೆಲ್ ಹಿಡಿದು ಓಡಿ ಬಂದ. ಅಲಾರಾಮಿನ ಕೆಳಗೆ ನಿಂತು ಟವೆಲ್ ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದ. ಆಮೇಲೆ ಕೆಮ್ಮುತ್ತಾ ಕೇಳಿದ.

"'ಅಯ್ಯ ಶಿವನ' ಅಂದವರು ನೀವೇನ್ರಿ? ಯಾವೂರ್ರಿ ನಿಮ್ಮದು?"

"ಚಿಕ್ಕೋಡಿ..."

"ನಂದು ಐಗಳಿ. ಆ ಒಗ್ಗರಣಿ ಚೆಲ್ಲಬ್ಯಾಡ್ರಿ, ನಾ ಅನ್ನಾ ಮಾಡೀನಿ."

ಹಾಗೆ ಶುರುವಾಯಿತು. ಫ್ರಿಜ್ಜಿನಲ್ಲಿ ಪಟ್ಟಿ ಅಂಟಿಸಿ ಹೆಸರು ಬರೆದಿದ್ದ ಅವರಿಬ್ಬರ ಖಾನೆಗಳು ದೀಪಾವಳಿ ಹೊತ್ತಿಗೆ ಒಂದಾಗಿದ್ದವು. 'ನೀವು' ಹೋಗಿ 'ನೀ' ಬಂತು. ಉಜ್ವಲಾ 'ಉಜ್ಜೂ' ಆದಳು.

ಅವನು ಯಾವತ್ತಾದರೂ ಪರ ಊರಿಗೆ ಹೋದರೆ, ಅವನು ಮುಟ್ಟುವವರೆಗೂ ಅವಳು ಅಡುಗೆಮನೆಯ ಕಸ ಗುಡಿಸುತ್ತಿರಲಿಲ್ಲ. ಊರಿಗೆ ಹೊರಟವರ ಬೆನ್ನ ಹಿಂದೆ ಕಸ ಗುಡಿಸಬಾರದಲ್ಲ! ಹಾಗೆ ಗುಡಿಸುವುದು ತಿರುಗಿ ಬಾರದವರು ಮನೆಯಿಂದ ಹೋದಾಗ ಮಾತ್ರ. ದುಂಡೇಶನ ಅವ್ವನೂ ಇದನ್ನೇ ಹೇಳಿ ಬೆಳೆಸಿದ್ದಳು. ಹಾಗಾಗಿ ಅವನು ರೈಲಿಳಿದ ಕೂಡಲೇ ಒಂದೇ ಪದದ ಮೆಸೇಜು ಕಳಿಸುತ್ತಿದ್ದ. 'ಮುಟ್ಟಿದೆ.' ಆಮೇಲೆ ಅವಳು ಕಸಬರಿಗೆ ಹಿಡಿಯುತ್ತಿದ್ದಳು.

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡುವ ಅವಸರವೇನಿದೆ ಎಂದುಕೊಂಡಿದ್ದರು.

ಫೆಬ್ರುವರಿಯ ಒಂದು ಮುಂಜಾನೆ ಫೋನು ಬಂತು. ಅಪ್ಪ ಲಗಮಣ್ಣನಿಗೆ ಎದೆನೋವು, ಬೆಳಗಾವಿಯ ಆಸ್ಪತ್ರೆಯಲ್ಲಿದ್ದಾರೆ. ಎಷ್ಟು ದಿನವಾಗುತ್ತದೋ ಗೊತ್ತಿಲ್ಲ, ರೂಮು ಬಿಡುತ್ತೇನೆ ಎಂದು ಉಜ್ವಲಾ ಬಾಡಿಗೆ ಮನೆಯ ಏಜೆಂಟರಿಗೆ ಎರಡು ಸಾಲು ಬರೆದಳು. ಉಳಿದದ್ದನ್ನು ದುಂಡೇಶ ನೋಡಿಕೊಂಡ. ಟಿಕೆಟು ಅವನೇ ತೆಗೆದ, ಚೀಲ ಅವನೇ ಕಟ್ಟಿದ.

"ರೂಮಿಂದು ನಾ ನೋಡ್ಕೋತೀನಿ. ನೀ ಹೋಗಿ ಬಾ ಉಜ್ಜೂ."

ಟ್ಯಾಕ್ಸಿ ಹತ್ತು ನಿಮಿಷ ಹೋಗಿತ್ತು. ಅಪ್ಪನಿಗೆಂದು ತೆಗೆದುಕೊಂಡಿದ್ದ ಉಣ್ಣೆಯ ಶಾಲು ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿದದ್ದು ನೆನಪಾಯಿತು. ತಿರುಗಿ ಬಂದಳು. ಮೆಟ್ಟಿಲು ಹತ್ತಿದಳು. ರೂಮಿನ ಬಾಗಿಲು ತೆರೆದಿತ್ತು.

ಒಳಗೆ ದುಂಡೇಶ ಅವಳಿಗೆ ಬೆನ್ನು ಮಾಡಿ ಕಸ ಹೊಡೆಯುತ್ತಿದ್ದ.

ಕಸ ಎಳೆಯುವ ಮಷೀನಿನ ಸದ್ದಿನಲ್ಲಿ ಅವನಿಗೆ ಅವಳು ಬಂದದ್ದು ಕೇಳಿಸಲಿಲ್ಲ. ಅವಳೂ ಕರೆಯಲಿಲ್ಲ.

ಎಲ್ಲ ಗೊತ್ತಿದ್ದವನು... ಗೊತ್ತಿದ್ದೂ ನನ್ನ ಬೆನ್ನ ಹಿಂದೆಯೇ! ಅಷ್ಟು ಬೇಗ ನಾನು ಬ್ಯಾಡಾದ್ನಾ?

ಶಾಲನ್ನೂ ತೆಗೆದುಕೊಳ್ಳದೆ ಇಳಿದು ಹೋದಳು. ಮುಂಬೈಯಲ್ಲಿ ಇಳಿದಾಗ ಅಪ್ಪ ಇರಲಿಲ್ಲ.

ಮಣ್ಣು ಮಾಡಲು ಅಪ್ಪನನ್ನು ಎತ್ತಿಕೊಂಡು ಹೋದ ಮೇಲೆ, ಚಿಕ್ಕಪ್ಪನ ಹೆಂಡತಿ ಕಾಕು ಬಂದು ಪಡಸಾಲೆಯ ಕಸ ಗುಡಿಸಿದಳು. ಅದನ್ನು ನೋಡುತ್ತಾ ಕುಳಿತ ಉಜ್ವಲಾಳಿಗೆ ಕಂಡದ್ದು ಕಾಕುವಲ್ಲ, ದುಂಡೇಶನ ಬೆನ್ನು. ಆವತ್ತೇ ಅವನ ನಂಬರು ಬಂದ್ ಮಾಡಿದಳು. ಆ ಮನೆಯಿಂದ ಬಂದ ಯಾವ ಪತ್ರವನ್ನೂ ತೆರೆಯಲಿಲ್ಲ.

ಅದು ಬರೀ ನಂಬಿಕೆ, ಅದಕ್ಕೂ ಅಪ್ಪನ ಸಾವಿಗೂ ಸಂಬಂಧವಿಲ್ಲ ಎಂದು ಅವಳ ಬುದ್ಧಿಗೆ ಗೊತ್ತು. ಆದರೆ ಬುದ್ಧಿಯ ಮಾತು ಹೃದಯ ಎಂದಾದರೂ ಕೇಳಿದೆಯೇ?

ಕ್ಲಾಸಿನ ಎರಡನೇ ದಿನ. ಚಿಕ್ಕೋಡಿಯ ಅತ್ತೆಯ ಮನೆಯಲ್ಲಿ ಉಳಿದಿದ್ದ ಪ್ರಾಜಕ್ತಾ ಒಬ್ಬಳೇ ಬಂದಳು. ಒಲೆಯ ಮುಂದೆ ನಿಂತು ಬಾಯಿ ಬಿಚ್ಚಿದವಳು ಮುಚ್ಚಲಿಲ್ಲ.

"ಐತವಾರ ರಾಯಬಾಗಕ್ಕ ಅಣ್ಣಾಗ ಕನ್ಯಾ ನೋಡಾಕ ಹೊಂಟೀವ್ರಿ ಮೇಡಂ. ಈತನಕ ಎಲ್ಲಾ ಬ್ಯಾಡ ಅಂದಾನ. ಈ ಸಲ ಹೂಂ ಅನ್ನಬೇಕು ಅಂತ ನಮ್ಮವ್ವ ಆಣಿ ಮಾಡಿಸ್ಕೊಂಡಾಳ. ಫೋಟೋ ತೋರಸ್ಲೇನ್ರಿ?"

"ಒಲಿ ಕಡೆ ಲಕ್ಷ್ಯ ಕೊಡವಾ," ಎಂದಳು ಉಜ್ವಲಾ.

ಆದರೆ ಅನ್ನ ತಳ ಹಿಡಿದದ್ದು ಪ್ರಾಜಕ್ತಾಳ ಒಲೆಯಲ್ಲಲ್ಲ, ಉಜ್ವಲಾಳ ಒಲೆಯಲ್ಲಿ.

ನೋಡಲಿ ಬಿಡು, ಮದುವೆ ಆಗಲಿ ಬಿಡು. ನನಗೇನು? ಹೀಗೆ ಸಾವಿರ ಸಲ ಹೇಳಿಕೊಂಡಳು. ಸಂಜೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಳು. ಐತವಾರ ಅವನು ಹೂಂ ಅಂದರೆ ಮುಗಿಯಿತು. ಸಿಟ್ಟು ಮಾಡಲೂ ಅವಳಿಗೆ ಹಕ್ಕಿರುವುದಿಲ್ಲ.

ಶನಿವಾರ ಕೊನೆಯ ಪಾಠ, ರೂಮು ಬಿಡುವುದು. ತಂಗಿಯನ್ನು ಕರೆದೊಯ್ಯಲು ಬಂದ ದುಂಡೇಶ ಮತ್ತೆ ಬೇವಿನ ಗಿಡದ ಕೆಳಗೆ ನಿಂತಿದ್ದ. ಉಜ್ವಲಾ ಕಿಟಕಿಯ ಕಡೆ ನೋಡದೆ ಪಾಠ ಮಾಡಿದಳು.

"ರೂಮು ಬಿಡೂ ದಿನ ಏಜೆಂಟ್ರು ಬಂದು ಒಂದೊಂದೂ ನೋಡತಾರ. ಫೋಟೋ ತಗೀತಾರ, ವರದಿ ಬರೀತಾರ. ರೂಮು ಚೊಕ್ಕ ಇಲ್ಲ ಅಂದ್ರ ಒಳ್ಳೇ ಬಾಡಿಗಿದಾರ ಅನ್ನೂ ಪತ್ರ ಕೊಡೂದಿಲ್ಲ. ಆ ಪತ್ರ ಇಲ್ದ ಮತ್ತೊಂದು ಮನಿ ಸಿಗೂದು ಕಷ್ಟ."

"ಆ ವರದಿ ಹೆಂಗಿರತೈತ್ರಿ ಮೇಡಂ?" ಪ್ರಾಜಕ್ತಾ ಕೇಳಿದಳು. "ನಿಮ್ಮದು ಇದ್ರ ತೋರಸ್ರಲ್ಲ."

ಉಜ್ವಲಾ ತಡೆದಳು. ಏಳು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು. ಇಲ್ಲ ಎನ್ನಲು ನೆಪ ಸಿಗಲಿಲ್ಲ. ಹಳೆಯ ಮೇಲ್ ಹುಡುಕಿದಳು. ಮೂರು ವರ್ಷದಿಂದ ತೆರೆಯದ ಪತ್ರ ಅಲ್ಲೇ ಇತ್ತು. ಗೋಡೆಯ ಟಿವಿಯ ಮೇಲೆ ಅದು ತೆರೆದುಕೊಂಡಿತು.

ತಾರೀಖು ಅವಳು ಊರಿಗೆ ಹೊರಟ ಅದೇ ದಿನದ್ದು. ಸಮಯ ಮಧ್ಯಾಹ್ನ ಹನ್ನೆರಡು.

ಅದೇ ದಿನ ಬಂದಿದ್ರಾ? ನನಗೆ ಯಾರೂ ಹೇಳಲೇ ಇಲ್ಲ...

ಕಿಟಕಿಯ ಗಾಜು ಚೊಕ್ಕ. ಹಾಸಿಗೆ ಚೊಕ್ಕ. ಗೋಡೆ, ಕಪಾಟು, ನೆಲ, ಎಲ್ಲ ಚೊಕ್ಕ. ಕೊನೆಯ ಫೋಟೋದಲ್ಲಿ ಬಾಗಿಲ ಹಿಂದಿನ ಮೂಲೆ. ಮೇಲೆ ಮೊಳೆಗೆ ತೂಗುಹಾಕಿದ ಶಾಲು. ಕೆಳಗೆ ಅಂಗೈಯಗಲದ ಕಸ. ಅದರಲ್ಲಿ ಒಂದೆರಡು ಉದ್ದ ಕೂದಲು, ಒಡೆದ ಹಸಿರು ಬಳೆಯ ಚೂರು, ರೊಟ್ಟಿಯ ಪುಡಿ.

ಫೋಟೋದ ಕೆಳಗಿದ್ದ ಇಂಗ್ಲಿಷ್ ಬರಹವನ್ನು ಪ್ರಾಜಕ್ತಾ ಒಂದೊಂದೇ ಮಾತಾಗಿ ಕನ್ನಡಕ್ಕೆ ತಿರುಗಿಸಿದಳು.

"'ಈ ಮೂಲಿ ಗುಡಿಸಿಲ್ಲ. ಹೇಳಿದ್ರೂ ಗುಡಸಾಕ ಅಲ್ಲಿದ್ದ ಹುಡುಗ ಒಪ್ಪಲಿಲ್ಲ. ಅಕಿ ಇನ್ನೂ ಊರು ಮುಟ್ಟಿಲ್ಲ, ಮುಟ್ಟಿದ ಮ್ಯಾಲ ಗುಡಸ್ತೀನಿ ಅಂದ...' ಇದೇನ್ರಿ ಮೇಡಂ? ಆ ಹುಡುಗ ಯಾರ್ರೀ?"

ಉಜ್ವಲಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ, ಬೇವಿನ ಗಿಡದ ಕಡೆ ಹೋದಳು.

"ಹನ್ನೆರಡಕ್ಕ ಅವರು ಬರ್ತಾರಂತ ನನಗ ಯಾಕ ಹೇಳಲಿಲ್ಲ ನೀ?"

ಯಾವ ಹನ್ನೆರಡು ಎಂದು ದುಂಡೇಶ ಕೇಳಲಿಲ್ಲ.

"ನಿನ್ನ ರೂಮಿಗೆ ಬರೂ ಹೊಸಾ ಹುಡುಗಿಗೆ ಆವತ್ತೇ ರೂಮು ಬೇಕಾಗಿತ್ತು. ಅದಕ್ಕ ಏಜೆಂಟ್ರು ನಿನ್ನ ಕರಾರು ಬಿಡಾಕ ಒಪ್ಪಿದ್ರು. ನಿನಗ ಹೇಳಿದ್ರ ನೀ ವಿಮಾನ ಬಿಟ್ಟು ಕಸಾ ಹೊಡ್ಕೋತ ಕುಂದರತಿದ್ದಿ."

"ನಾ ತಿರುಗಿ ಬಂದಿದ್ದೆ ದುಂಡೇಶ. ಶಾಲು ಮರತಿದ್ದೆ. ನೀ ನನ್ನ ರೂಮಿನ ಕಸಾ ಹೊಡಿಯೂದು ಕಣ್ಣಾರೆ ನೋಡಿದೆ."

ಅವನ ಮುಖ ಬಿಳುಚಿತು. ಮೂರು ವರ್ಷದಿಂದ ತನಗೆ ತಾನೇ ಕೇಳಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದು ಇಷ್ಟು ಸಣ್ಣದಿರಬಹುದು ಎಂದು ಅವನು ಎಣಿಸಿರಲಿಲ್ಲ.

"ಒಂದ ಸಲ ಕರೀಬೇಕಿತ್ತಲ್ಲ ಉಜ್ಜೂ..."

"ಕರೀಬೇಕಿತ್ತು." ಅವಳ ದನಿ ಒಡೆಯಿತು. "ಅಪ್ಪನ ಎತ್ತಿಕೊಂಡ ಹೋದ ಮ್ಯಾಲ ಕಾಕು ಕಸಾ ಹೊಡದ್ಲು. ಅಲ್ಲೂ ನಿನ್ನ ಬೆನ್ನ ಕಂಡತು ನನಗ. ನಾನೂ ಸತ್ತಾಕಿ ಲೆಕ್ಕ ಅಂತ ತಿಳ್ಕೊಂಡೆ."

"ನೀ ತಿರುಗಿ ಬಂದಾಗ ಮನಿ ಸಿಗಲಿ ಅಂತ ಹೊಡದೆ. ಆದ್ರ ಪೂರಾ ಹೊಡಿಯಾಕ ಕೈ ಏಳಲಿಲ್ಲ. ಆ ಮೂಲಿ ಬಿಟ್ಟೆ. ನಿನ್ನ ಮೆಸೇಜ್ ಬಂದ ಕೂಡಲೇ ಹೊಡದ್ರಾತು ಅಂದ್ಕೊಂಡಿದ್ದೆ."

ಅವನು ಮತ್ತೆ ಗಾಡಿಗೆ ಒರಗಿದ.

"ಮೆಸೇಜ್ ಬರಲಿಲ್ಲ. ಆ ಹೊಸಾ ಹುಡುಗಿ ಬಂದು ತಾನ ಆ ಮೂಲಿ ಗುಡಿಸಿ ಚೆಲ್ಲಿದ್ಲು. ನಾ ಮ್ಯಾಲ ನನ್ನ ರೂಮಿನಾಗ ಬಾಗಲಾ ಹಾಕ್ಕೊಂಡ ಕುಂತಿದ್ದೆ."

ಉಜ್ವಲಾ ಅಲ್ಲೇ ಗಿಡದ ಕಟ್ಟೆಯ ಮೇಲೆ ಕುಸಿದಳು. ಒಂದು ಮೆಸೇಜು. ಒಂದೇ ಪದ. ಅದಕ್ಕಾಗಿ ಒಂದು ಜೀವ ಆ ಚಳಿಯಲ್ಲಿ ಕಾದು ಕುಳಿತಿದ್ದಾಗ, ತಾನು ಇಲ್ಲಿ ಅವನನ್ನು ಶಪಿಸುತ್ತಿದ್ದಳು. ಅತ್ತಳು. ಓಣಿಯವರು ನೋಡುತ್ತಾರೆ ಎಂಬುದನ್ನೂ ಮರೆತು ಅತ್ತಳು.

"ಊರಿಗೆ ಬಂದ ಮ್ಯಾಲರೆ ಯಾಕ ಕೇಳಾಕ ಬರಲಿಲ್ಲ ನೀ?"

"ಎರಡು ಸಲ ಬಂದಿದ್ದೆ, ಈ ಓಣಿ ತುದಿ ತನಕ. ನಂಬರ ಬಂದ್ ಮಾಡ್ಯಾಳ, ನಾ ಬ್ಯಾಡಾಗಿರಬೇಕು ಅಂತ ತಿರುಗಿ ಹೋದೆ. ಅದು ನನ್ನ ತಪ್ಪು. ಈ ಸಲ ಪ್ರಾಜಕ್ತಾನ ನೆಪಾ ಸಿಕ್ತು. ಮದುವಿಗೆ ಹೂಂ ಅನ್ನೂಕಿಂತ ಮೊದಲ ಒಂದ ಸಲ ನಿನ್ನ ನೋಡಬೇಕಾಗಿತ್ತು."

ಗಾಡಿಯ ಬಾಗಿಲು ತೆರೆದು ಒಂದು ಕವರು ತೆಗೆದ. ಒಳಗೆ ಮಡಿಕೆ ಕೆಡದ ಉಣ್ಣೆಯ ಶಾಲು.

"ಪೋಸ್ಟಿಗೆ ಹಾಕೋಣಂದ್ರ ಅಷ್ಟರಾಗ ಅಪ್ಪಾರ ಸುದ್ದಿ ಕೇಳಿದೆ. ಯಾರ ಹೆಸರಿಗೆ ಕಳಸಲಿ?"

ಹೊದೆಯಬೇಕಾದವರು ಇಲ್ಲ. ಉಜ್ವಲಾ ಅದನ್ನು ಮುಖಕ್ಕೆ ಒತ್ತಿಕೊಂಡಳು. ಮೂರು ವರ್ಷ ತಿರುಗಿ ಬರುವುದಿಲ್ಲ, ಓದೂ ಬರುವುದಿಲ್ಲ, ಅಪ್ಪನೂ ಬರುವುದಿಲ್ಲ. ಇದ್ದವನೊಬ್ಬ ಕಣ್ಣ ಮುಂದಿದ್ದಾನೆ. ನಾಳೆ ಅವನೂ ಇರುವುದಿಲ್ಲ.

"ನಾಳೆ ರಾಯಬಾಗಕ್ಕ ಹೋಗಬ್ಯಾಡ," ಎಂದಳು.

"ಮನ್ಯಾಗ ಏನಂತ ಹೇಳಲಿ?"

"ಚಿಕ್ಕೋಡಿಯಾಗ ಒಬ್ಬಾಕಿ ಅದಾಳ ಅಂತ ಹೇಳು. ಸಿಟ್ಟಿನಾಕಿ, ದಡ್ಡಿ. ಖರೆ... ಮೂರು ವರ್ಷ ಅಕಿ ನಿನ್ನ ಬಿಟ್ಟು ಬ್ಯಾರೆ ಯಾರನ್ನೂ ಮನಸಿನ್ಯಾಗ ತರಲಿಲ್ಲ ಅಂತ ಹೇಳು."

ದುಂಡೇಶನ ಕಣ್ಣು ತುಂಬಿದವು. "ಹೇಳ್ತೀನಿ," ಎಂದ. "ಅದನ್ನ ಹೇಳ್ತೀನಿ."

ಗಾಡಿ ಅಣ್ಣ ತಂಗಿಯನ್ನು ಹೊತ್ತು ಐಗಳಿಯ ದಾರಿ ಹಿಡಿಯಿತು. ಕ್ಲಾಸಿನ ತುಂಬ ಅಕ್ಕಿಯ ಕಾಳು, ಈರುಳ್ಳಿ ಸಿಪ್ಪೆ, ಕಾಗದದ ಚೂರು. ಉಜ್ವಲಾಳ ಅವ್ವ ಅಕ್ಕವ್ವ ಕಸಬರಿಗೆ ಹಿಡಿದು ಬಂದಳು.

"ಅವ್ವಾ, ಕಸಬರಿಗಿ ಇಡು. ಅವರು ಊರು ಮುಟ್ಟಲಿ."

"ಯಾರು? ಕ್ಲಾಸಿನ ಹುಡುಗೋರು ಹೋದ್ರೂ ಕಾಯೂದು ಯಾವಾಗ ಕಲ್ತಿ?" ಎಂದಳು ಅಕ್ಕವ್ವ. "ದೀಪಾ ಹಚ್ಚೂ ಹೊತ್ತಾತಂದ್ರ ಆಮ್ಯಾಲ ಗುಡಸಾಕ ಬರೂದಿಲ್ಲ ನೋಡು."

ಮಗಳ ಮುಖ ನೋಡಿದಳು. ಮಗಳ ಕೈಯಲ್ಲಿದ್ದ ಗಂಡಸರ ಶಾಲು ನೋಡಿದಳು. ಶಾಲನ್ನು ತೆಗೆದುಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಕಸಬರಿಗೆಯನ್ನು ಗೋಡೆಗೆ ಒರಗಿಸಿ ಮಗಳ ಪಕ್ಕದಲ್ಲೇ ಕುಳಿತಳು.

ಉಜ್ವಲಾ ಫೋನಿನಲ್ಲಿ ಮೂರು ವರ್ಷದಿಂದ ಬಂದ್ ಮಾಡಿದ್ದ ನಂಬರನ್ನು ಹುಡುಕಿ ತೆರೆದಳು. ಬಿಸಿಲು ಬಾಗಿತು. ಎರಡು ತಾಸಾಯಿತು. ದೀಪ ಹಚ್ಚಲು ಇನ್ನೂ ಒಂದಿಷ್ಟು ಹೊತ್ತಿದೆ ಎನ್ನುವಾಗ ಫೋನು ಮಿಡಿಯಿತು.

'ಮುಟ್ಟಿದೆ.'

ಅವಳಿಗೆ ಬರೆಯಲಾಗಲಿಲ್ಲ, ಫೋನೇ ಮಾಡಿದಳು.

"ಕಸಾ ಇನ್ನೂ ಹಂಗ ಐತಿ," ಎಂದಳು.

"ಈಗ ಹೊಡಿ." ಆ ಕಡೆಯಿಂದ ಅವನ ದನಿ ಬಂತು. "ಬಾಗಲಾ ಹಿಂದಿನ ಮೂಲಿ ಅಷ್ಟು ಬಿಡು ಉಜ್ಜೂ."

"ಯಾಕ? ನೀ ಮುಟ್ಟಿದಿಯಲ್ಲ?"

"ಮನಿ ಮುಟ್ಟೀನಿ. ನಾಳೆ ಅವ್ವನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನಿ. ಅದನ್ನ ಬಂದ ಮ್ಯಾಲ ಇಬ್ರೂ ಕೂಡಿ ಹೊಡಿಯೂಣು."