ಅತ್ತಿಗೆಯ ಕೆಳಮನೆ

ಗುಬ್ಬಿಯ ತಾಯಿ ಆ ದಿನ ಎರಡು ತಾಸು ಮುಂಚೆಯೇ ಕೆಲಸದಿಂದ ಬಂದಿದ್ದಳು. ಬೀಗ ತೆಗೆದು ಒಳಗೆ ಕಾಲಿಟ್ಟರೆ, ತನ್ನ ಮಲಗುವ ಕೋಣೆಯಲ್ಲಿ, ತನ್ನ ಮಂಚವನ್ನು ಪಕ್ಕಕ್ಕೆ ಸರಿಸಿ, ಗಂಡನ ಅಕ್ಕ ನೆಲದ ಮೇಲೆ ಮಂಡಿಯೂರಿ ಗೋಡೆಗೆ ಕಿವಿ ಹಚ್ಚಿ ಕೂತಿದ್ದರು. ಪಕ್ಕದಲ್ಲಿ ಆರು ವರ್ಷದ ಗುಬ್ಬಿ. ಶಾಲೆಯ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಅವಳೂ ಕಣ್ಣು ಮುಚ್ಚಿ, ಕೆನ್ನೆಯನ್ನು ಗೋಡೆಗೊತ್ತಿ, ಉಸಿರು ಬಿಗಿಹಿಡಿದಿದ್ದಳು.

"ಶ್... ಅಮ್ಮಾ, ಮಾತಾಡ್ಬೇಡ. ನೀರು ಬರೋ ಮುಂಚೆ ಗೋಡೆ ಒಳಗೆ ಸದ್ದಾಗತ್ತಂತೆ. ಅತ್ತೆ ಕೇಳಿಸ್ಕೊಳ್ತಿದಾರೆ."

ತಾಯಿಯ ಹೆಗಲಿಂದ ಚೀಲ ಜಾರಿತು. "ಅತ್ತಿಗೆ, ಮಗೂಗೆ ಏನು ಹೇಳಿಕೊಡ್ತಿದೀರಿ ನೀವು?"

ಅತ್ತಿಗೆ ಅವಸರವಿಲ್ಲದೆ ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ಈ ಮನೇಲಿರೋರಿಗೆ ಗೊತ್ತಿರಬೇಕಾದ್ದನ್ನ. ಬೇಗ ಬರ್ತೀನಿ ಅಂತ ಒಂದು ಫೋನು ಮಾಡಬಾರದಿತ್ತಾ?"

"ನನ್ನ ಮನೆಗೆ ಬರೋಕೂ ಫೋನು ಮಾಡಬೇಕಾ?"

"ನಿನ್ನ ಮನೆ..." ಅತ್ತಿಗೆ ಆ ಎರಡು ಪದಗಳನ್ನು ಬಾಯಲ್ಲಿ ತಿರುಗಿಸಿ ನೋಡಿದವರಂತೆ ಹೇಳಿ, ಮೆಟ್ಟಿಲು ಹತ್ತಿ ಹೋದರು.

ನಗರದಿಂದ ಆ ನದಿತೀರದ ಬಡಾವಣೆಗೆ ರೈಲಿನಲ್ಲಿ ಐವತ್ತು ನಿಮಿಷದ ದಾರಿ. ಬೆಳಗಿನ ಏಳೂಹತ್ತರ ಗಾಡಿ ಹೊರಟಿತೆಂದರೆ ಬೀದಿಗೆ ಬೀದಿಯೇ ಬರಿದಾಗುತ್ತಿತ್ತು. ಸಂಜೆ ಗಾಡಿ ಬಂದಾಗ ಮತ್ತೆ ಕಿಟಕಿಗಳಲ್ಲಿ ದೀಪ. ನಡುವಿನ ಹೊತ್ತೆಲ್ಲ ಅಲ್ಲಿ ಉಳಿಯುತ್ತಿದ್ದದ್ದು ಮುದುಕರು, ಮಕ್ಕಳು, ಮತ್ತು ಹಿತ್ತಿಲ ಗೋಡೆಯಾಚೆ ಮಂದವಾಗಿ ಸರಿಯುವ ಕಂದು ಬಣ್ಣದ ನೀರು. ಗುಬ್ಬಿಯ ತಂದೆ ನಗರದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ತಾಯಿ ದಂತವೈದ್ಯರೊಬ್ಬರ ಬಳಿ ಹಲ್ಲಿನ ಸೆಟ್ಟುಗಳಿಗೆ ಅಚ್ಚು ತೆಗೆದು, ಉಜ್ಜಿ, ತಿದ್ದುವವಳು. ನಗರದಲ್ಲಿ ಒಂದೇ ಕೋಣೆಯಲ್ಲಿ ಮೂವರೂ ಮುದುಡಿಕೊಂಡಿದ್ದಾಗ, "ನನ್ನ ಕೆಳಮನೆ ಖಾಲಿ ಇದೆ, ಬಂದುಬಿಡಿ, ಮಗೂನ ನಾನು ನೋಡ್ಕೊಳ್ತೀನಿ" ಎಂದು ಅಕ್ಕ ಕರೆದರೆ ಬೇಡವೆನ್ನಲು ತಮ್ಮನಿಗೆ ಬಾಯಿ ಎಲ್ಲಿಂದ ಬರಬೇಕು? ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಆ ಅಕ್ಕನೇ. ಭಾವ ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದರು. ಎದೆ ನಿಂತುಹೋಯಿತು ಎಂದು ಅಕ್ಕ ಹೇಳಿದ್ದರು. ಆಗ ಅವನು ದೂರದ ಊರಿನಲ್ಲಿ ತರಬೇತಿಯಲ್ಲಿದ್ದ. ಬರುವ ಹೊತ್ತಿಗೆ ಎಲ್ಲ ಮುಗಿದು, ಮನೆಗೆ ಹೊಸ ಬಣ್ಣವೂ ಬಳಿದಾಗಿತ್ತು.

ಬಂದ ಮೊದಲ ವಾರವೇ ಕಟ್ಟಳೆಗಳು ಶುರುವಾದವು. ಹಿಂದಿನ ಕೋಣೆಯಲ್ಲಿ ಮಧ್ಯಾಹ್ನ ಯಾರೂ ಮಲಗಕೂಡದು. ಮೆಟ್ಟಿಲಿನ ಬುಡದ ಬಾಗಿಲನ್ನು ಹಗಲಾಗಲಿ ಇರುಳಾಗಲಿ ಮುಚ್ಚಕೂಡದು. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಎಂದೋ ಇದ್ದ ಚಿಲಕ ಕಿತ್ತು, ಮೊಳೆಯ ತೂತುಗಳಿಗೆ ಮೇಣ ತುಂಬಿದ ಗುರುತು ಮಾತ್ರ ಇತ್ತು. ಅತ್ತಿಗೆ ಯಾವಾಗೆಂದರೆ ಆವಾಗ ಇಳಿದು ಬರುತ್ತಿದ್ದರು. ಗಂಡ ಹೆಂಡತಿ ಮಾತಾಡುತ್ತಿದ್ದರೆ ಬಾಗಿಲಲ್ಲಿ ಅವರ ನೆರಳು. ಸ್ನಾನ ಮುಗಿಸಿ ಹೊರಬಂದರೆ ನಡುಮನೆಯಲ್ಲಿ ಅವರು. ಸೊಂಟದೆತ್ತರಕ್ಕೆ ಕಡುಹಸಿರು ಎಣ್ಣೆಬಣ್ಣ ಬಳಿದ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿ ಹೋಗುತ್ತಿದ್ದರು. ಗೋಡೆಗೆ ಕಿವಿ ಹಚ್ಚಿದ ದಿನ ಗುಬ್ಬಿಯ ತಾಯಿಯ ಸಹನೆ ಮುಗಿಯಿತು.

"ನೋಡ್ರೀ, ಒಂದೋ ಆ ಬಾಗಿಲಿಗೆ ಚಿಲಕ, ಇಲ್ಲಾ ನಮಗೆ ಬೇರೆ ಮನೆ."

"ಒಬ್ಬಳೇ ಇರೋಳು, ಏನೋ ಒಂದು ಥರ ಆಗಿದಾಳೆ. ಸ್ವಲ್ಪ ಹೊಂದಿಕೊಂಡು ಹೋಗು."

"ಎಂಟು ತಿಂಗಳಿಂದ ಹೊಂದಿಕೊಂಡೇ ಹೋಗ್ತಿದೀನಿ. ಇನ್ನು ಹೊಂದಿಕೊಂಡ್ರೆ ನಾನೂ ಗೋಡೆಗೆ ಅಂಟಿಕೊಳ್ತೀನಿ, ಅಷ್ಟೆ."

ಗಂಡ ನಕ್ಕ, ಅವಳು ನಗಲಿಲ್ಲ. ಮರುದಿನ ತಾನೇ ಒಂದು ಚಿಲಕ ತಂದು, ತಮ್ಮ ಕಡೆಯಿಂದ ಸ್ಕ್ರೂ ಬಿಗಿದಳು. ಅದರ ಮರುದಿನ ಸಂಜೆ ಬಂದರೆ ಚಿಲಕ ಕಿತ್ತು ಊಟದ ಮೇಜಿನ ಮೇಲಿತ್ತು. ಅತ್ತಿಗೆಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಸ್ಕ್ರೂಡ್ರೈವರ್ ಇಲ್ಲದೆ ಅಡುಗೆಮನೆಯ ಚಾಕುವಿನಿಂದ ಬಿಚ್ಚಿದ್ದರು.

"ಇನ್ನೊಂದು ಸಲ ಈ ಬಾಗಿಲಿಗೆ ಕೈ ಹಾಕಿದ್ರೆ ನಾನು ಸುಮ್ಮನಿರಲ್ಲ," ಎಂದರು. ಅವರ ದನಿ ನಡುಗುತ್ತಿತ್ತು. ಅದು ಸಿಟ್ಟೆಂದೇ ಗುಬ್ಬಿಯ ತಾಯಿ ತಿಳಿದಳು.

ಆ ವಾರ ಮಳೆ ಹಿಡಿಯಿತು. ಸ್ಟೇಷನ್ನಿನ ಮೂಲೆಯಲ್ಲಿ ಒಂದು ಕಪ್ಪು ಹಲಗೆ ಇತ್ತು. ಸೇತುವೆಯ ಕಂಬದಲ್ಲಿ ನದಿಯ ಮಟ್ಟ ನೋಡಿ, ದಿನಾ ಬೆಳಗ್ಗೆ ಅದನ್ನು ಹಲಗೆಯ ಮೇಲೆ ಬರೆಯುವ ಮುದುಕರನ್ನು ರೈಲಿನವರೆಲ್ಲ ಅಳತೆಯಜ್ಜ ಎನ್ನುತ್ತಿದ್ದರು. ಅವತ್ತು ಗಾಡಿ ತಡವಾಗಿ, ಗುಬ್ಬಿಯ ತಾಯಿ ಹಲಗೆಯ ಮುಂದೆಯೇ ನಿಂತಿದ್ದಳು.

"ಯಾವ ಬೀದಿ ತಾಯಿ ನಿಮ್ದು?"

ಅವಳು ಹೇಳಿದಳು. ಅಜ್ಜನ ಕೈಯ ಸೀಮೆಸುಣ್ಣ ನಿಂತಿತು.

"ಹಸಿರು ಗೇಟಿನ ಮನೇನಾ? ಕೆಳಗಡೆ ಇದೀರಾ?"

"ಹೌದು. ಯಾಕೆ?"

"ಆ ಕೆಳಮನೇಲಿ ಯಾರಾದ್ರೂ ಮತ್ತೆ ಇರ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಹೋದ ಸಲ ನೀರು ನುಗ್ಗಿದಾಗ ಆ ಮನೆ ಯಜಮಾನರನ್ನ ಹಿಂದಿನ ಕೋಣೆಯಿಂದ ಎತ್ತಿದವರಲ್ಲಿ ನಾನೂ ಒಬ್ಬ. ನಾಲ್ಕು ವರ್ಷ ಆಯ್ತು..."

ಅವಳು ಆ ದಿನ ಗಾಡಿ ಹತ್ತಲಿಲ್ಲ. ಗಂಡನಿಗೆ ಫೋನು ಮಾಡಿ ಕರೆಸಿಕೊಂಡಳು. ಅವನು ನಂಬಲಿಲ್ಲ. ನಂಬದೆಯೇ ಮೆಟ್ಟಿಲು ಹತ್ತಿದ. ಅವನ ಹಿಂದೆ ಅವಳು. ಅತ್ತಿಗೆ ಕಿಟಕಿಯ ಬಳಿ ಕೂತು ನದಿ ನೋಡುತ್ತಿದ್ದರು.

"ಅಕ್ಕ, ಭಾವ ಹೇಗೆ ಹೋದ್ರು?"

"ಹೇಳಿದೀನಲ್ಲ. ಎದೆ ನಿಂತು."

"ನೀರಲ್ಲಿ ಸತ್ತರು ಅಂತಿದಾರೆ."

ಅತ್ತಿಗೆ ತಿರುಗಿ ನೋಡಲಿಲ್ಲ. "ಕೋಣೆ ತುಂಬಾ ನೀರು ತುಂಬಿದ ಮೇಲೆ ಎದೆ ನಿಲ್ಲದೆ ಇನ್ನೇನಾಗತ್ತೋ?"

ಆಮೇಲೆ ಅವರಾಗಿಯೇ ಹೇಳತೊಡಗಿದರು. ಒಂದೇ ಸಮನೆ, ಬೇರೆ ಯಾರದೋ ಮನೆಯ ಸಂಗತಿ ಹೇಳುವಂತೆ.

"ಈ ಮನೆ ಬಿಟ್ಟು ನಗರಕ್ಕೆ ಹೋಗೋಣ ಅಂತಿದ್ರು ನಿಮ್ಮ ಭಾವ. ನದಿ ನಂಬೋಕಾಗಲ್ಲ ಅಂತ. ನಾನು ಬರಲ್ಲ ಅಂದೆ. ಅವತ್ತು ಮಾತಿಗೆ ಮಾತು ಬೆಳೀತು. ಅವರು ಊಟ ಬಿಟ್ಟು ಕೆಳಗೆ ಹೋಗಿ ಮಲಗಿದ್ರು. ನಾನು ಮೆಟ್ಟಿಲ ಬಾಗಿಲಿಗೆ ಈ ಕಡೆಯಿಂದ ಚಿಲಕ ಹಾಕ್ದೆ. ಇರಲಿ ಬಿಡು, ಸಂಜೆವರೆಗೂ ಅಲ್ಲೇ ಬಿದ್ದಿರಲಿ ಅಂತ... ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಬಡಿದ್ರು. ಹೆಸರು ಹಿಡಿದು ಕೂಗಿದ್ರು. ರಾಜಿಗೆ ಬಂದಿದಾರೆ, ಇನ್ನೂ ಸ್ವಲ್ಪ ಕಾಯಲಿ ಅಂದುಕೊಂಡೆ. ರೇಡಿಯೋ ಜೋರು ಮಾಡ್ದೆ."

"ಅಕ್ಕ..."

"ಮುಂಬಾಗಿಲು ಹೊರಕ್ಕೆ ತೆರೆಯೋದಲ್ವಾ, ಆಚೆಯಿಂದ ನೀರು ಒತ್ತಿಬಿಟ್ಟಿತ್ತು. ಕಿಟಕಿಗೆಲ್ಲ ಸರಳು. ಇಲ್ಲಿ ಬಂದು ಬಡಿಯದೆ ಎಲ್ಲಿಗೆ ಹೋಗ್ತಾರೆ? ಆಮೇಲೆ ಬಡಿಯೋದು ನಿಂತಿತು. ಸಿಟ್ಟು ಮಾಡಿಕೊಂಡು ಹೋಗಿ ಮಲಗಿದ್ರು ಅಂದುಕೊಂಡೆ. ರೇಡಿಯೋ ಆರಿಸಿದಾಗ ನೀರಿನ ಸದ್ದು ಕೇಳಿಸ್ತು."

ಗೋಡೆಗೊರಗಿ ತಮ್ಮ ಹಾಗೇ ಕುಸಿದು ಕೂತ. ಸೈಕಲ್ ಹೊಡೆಯಲು ಕಲಿಸಿದವರು, ಮೊದಲ ಕೆಲಸಕ್ಕೆ ಕೈಹಿಡಿದು ಕರೆದುಕೊಂಡು ಹೋದವರು ಆ ಭಾವ. ಮಾತಾಡಿದವಳು ಹೆಂಡತಿ.

"ಇಷ್ಟೆಲ್ಲ ಗೊತ್ತಿದ್ದೂ ನಮ್ಮನ್ನ ಅಲ್ಲಿಗೆ ಕರೆಸಿಕೊಂಡ್ರಾ? ಮಗೂನ ಆ ಕೋಣೆ ಪಕ್ಕದಲ್ಲಿ ಮಲಗಿಸಿದ್ರಾ?"

"ಕೆಳಗೆ ಮನುಷ್ಯರ ಸದ್ದಿಲ್ಲದೆ ನನಗೆ ಇರೋಕಾಗ್ತಿರಲಿಲ್ಲ ಕಣೇ. ನಿಮ್ಮನ್ನ ಕಾಯ್ತೀನಿ ಅಂತಲೇ ಕರೆಸಿದ್ದು. ದಿನಕ್ಕೆ ಹತ್ತು ಸಲ ಇಳಿದು ಬಂದು ನೋಡ್ತಿರಲಿಲ್ವಾ?"

"ನೀವು ಕಾದದ್ದು ಸಾಕು. ಇನ್ನು ನಿಮ್ಮ ಕೈಯಲ್ಲಿ ನನ್ನ ಮಗಳನ್ನ ಒಂದು ಗಳಿಗೆಯೂ ಬಿಡಲ್ಲ ನಾನು."

ಅತ್ತಿಗೆ ತಲೆಯಾಡಿಸಿದರು. ಅದು ಸರಿಯೆಂಬಂತೆ.

ಎರಡು ಸ್ಟೇಷನ್ ಆಚೆ, ಏರಿನ ಮೇಲಿನ ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಆದರೆ ಅಲ್ಲಿದ್ದವರು ಖಾಲಿ ಮಾಡಲು ಇನ್ನೂ ಎಂಟು ದಿನವಿತ್ತು. ಗುಬ್ಬಿಯ ತಾಯಿ ರಜೆ ಹಾಕಿ ಸಾಮಾನು ಕಟ್ಟತೊಡಗಿದಳು. ಮೇಲಿಂದ ಯಾರೂ ಇಳಿದು ಬರಲಿಲ್ಲ. ಮಳೆ ಬಿಡಲಿಲ್ಲ. ಆರನೆಯ ದಿನ ಬೆಳಗ್ಗೆ ವೈದ್ಯರಿಂದ ಫೋನು ಬಂತು. ಇವತ್ತೂ ಬರದಿದ್ದರೆ ನಾಳೆಯಿಂದ ಬರುವುದೇ ಬೇಡವಂತೆ. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದ. ಶಾಲೆಗೆ ಮಳೆಯ ರಜೆ. ಅಕ್ಕಪಕ್ಕದ ಎರಡೂ ಮನೆಗಳಿಗೆ ಬೀಗ. ಬೇರೆ ದಾರಿ ಕಾಣದೆ ಅವಳು ಮಗಳ ಕೈಹಿಡಿದು ಮೆಟ್ಟಿಲು ಹತ್ತಿದಳು. "ಮಧ್ಯಾಹ್ನದ ಗಾಡಿಗೆ ಬಂದುಬಿಡ್ತೀನಿ," ಎಂದಷ್ಟೇ ಹೇಳಿದಳು. ಅತ್ತಿಗೆಯ ಮುಖ ನೋಡಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಅಣೆಕಟ್ಟಿನ ಬಾಗಿಲುಗಳನ್ನು ತೆಗೆದ ಸುದ್ದಿ ಬಂತು. ಅವಳು ಕೈಯಲ್ಲಿದ್ದ ಅಚ್ಚನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದಳು. ಅತ್ತಿಗೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ನದಿಯ ಕಡೆಗೆ ಬಿಟ್ಟ ಕೊನೆಯ ಗಾಡಿಯಲ್ಲಿ, ನಿಂತವರ ನಡುವೆ ಸಿಕ್ಕಿಕೊಂಡು, ಐವತ್ತು ನಿಮಿಷದ ದಾರಿಯನ್ನು ಎರಡು ತಾಸಿನಲ್ಲಿ ಕಳೆದಳು. ಕಣ್ಣು ಮುಚ್ಚಿದರೆ ಹಿಂದಿನ ಕೋಣೆ. ತೆರೆದರೆ ಕಿಟಕಿಯಾಚೆ ಹೊಲವಿದ್ದ ಕಡೆಯೆಲ್ಲ ಕೆಸರುನೀರು... ದೇವರೇ, ನಾನೇ ಅಲ್ಲವೇ ನನ್ನ ಕೈಯಾರೆ ಬಿಟ್ಟು ಬಂದವಳು!

ಸ್ಟೇಷನ್ನು ಎತ್ತರದ ದಿಬ್ಬದ ಮೇಲಿತ್ತು. ಅದರ ಕೆಳಗಿನ ಬೀದಿಗಳು ಇರಲಿಲ್ಲ; ಛಾವಣಿಗಳು ಮಾತ್ರ ಇದ್ದವು. ಅಳತೆಯಜ್ಜನ ಕೋಣೆಯ ಬಾಗಿಲಲ್ಲಿ, ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಗುಬ್ಬಿ ಕೂತಿದ್ದಳು. ಬಟ್ಟೆ ಒದ್ದೆಯಾಗಿರಲಿಲ್ಲ.

ತಾಯಿ ಮಗಳನ್ನು ಎದೆಗವಚಿಕೊಂಡಾಗ ಅಜ್ಜ ಪಕ್ಕದಲ್ಲಿ ನಿಂತು ಹೇಳಿದರು: "ಹನ್ನೊಂದಕ್ಕೇ ಕೊಡೆ ಹಿಡಿದು ಕರಕೊಂಡು ಬಂದ್ರಮ್ಮ. ಆಗ ಬೀದಿಗೆ ನದಿ ನೀರು ಇನ್ನೂ ಬಂದಿರಲಿಲ್ಲ, ಗೋಡೆ ಒಳಗೆ ಸದ್ದು ಕೇಳಿಸ್ತು ಅಂದ್ರು. ನೀವೂ ಕೂತ್ಕೊಳ್ಳಿ ಅಂದೆ. ಕೇಳಲಿಲ್ಲ. 'ಮಗೂನ ಅವಳಮ್ಮನ ಕೈಗೇ ಕೊಡಿ. ನನ್ನ ಕೈಯಲ್ಲಿ ಬಿಡಲ್ಲ ಅಂತ ಹೇಳಿದಾಳೆ ಅವಳು' ಅಂದ್ರು. ಹಾಗೇ ತಿರುಗಿ ಮನೆ ಕಡೆ ಹೋದ್ರು."

ಅದು ಅವಳೇ ಆಡಿದ ಮಾತು. ಮಗಳನ್ನು ಅಜ್ಜನ ಬಳಿ ಬಿಟ್ಟು, ದಿಬ್ಬದ ಬುಡದಲ್ಲಿದ್ದ ರಕ್ಷಣಾ ದೋಣಿಯ ಬಳಿಗೆ ಇಳಿದಳು. ಹೆಂಗಸರು ಬೇಡ ಎಂದರು ದೋಣಿಯವರು. ಮನೆ ತೋರಿಸುವವರು ಯಾರೂ ಇಲ್ಲ ಎಂದು ಅವಳು ಹತ್ತಿಯೇ ಬಿಟ್ಟಳು. ಅವಳಿಗೆ ಈಜು ಬರುತ್ತಿರಲಿಲ್ಲ.

ಹಸಿರು ಗೇಟು ಮುಳುಗಿತ್ತು. ಮೇಲ್ಮನೆಯ ಬಾಲ್ಕನಿಯ ಕಟಾಂಜನಕ್ಕೆ ದೋಣಿ ತಾಗಿ ನಿಂತಿತು. ಒಳಗೆ, ಮೆಟ್ಟಿಲಿನ ತುದಿಯಲ್ಲಿ ಅತ್ತಿಗೆ ಕೂತಿದ್ದರು. ಎರಡು ಮೆಟ್ಟಿಲು ಕೆಳಗೆ ನೀರು ಸುಳಿಯುತ್ತಿತ್ತು. ದೋಣಿಯವರು ಕೂಗಿದರು. ಅವರು ತಲೆ ಎತ್ತಲಿಲ್ಲ. ಗುಬ್ಬಿಯ ತಾಯಿ ಕಟಾಂಜನ ದಾಟಿ ಒಳಗೆ ಹೋದಳು.

"ಏಳಿ ಅತ್ತಿಗೆ."

"ಮಗು ಸಿಕ್ತಾ ನಿನಗೆ?"

"ಸಿಕ್ಕಳು. ಏಳಿ."

"ನೀನು ಹೋಗಮ್ಮ. ಇದು ನನಗೆ ಬರಬೇಕಾದ್ದೇ. ನಾಲ್ಕು ವರ್ಷ ತಡವಾಯ್ತು, ಅಷ್ಟೆ."

ನೀರು ಇನ್ನೊಂದು ಮೆಟ್ಟಿಲು ಏರಿತು. ಆದರೂ ಅವಳು ಅತ್ತಿಗೆಯ ಪಕ್ಕದಲ್ಲೇ ಕೂತಳು.

"ನೀವು ಹೋದ್ರೆ ಇದು ಮುಗೀತು ಅಂದುಕೊಂಡ್ರಾ? ದೊಡ್ಡವಳಾದ ಮೇಲೆ ಗುಬ್ಬಿ ಕೇಳ್ತಾಳೆ, ನನ್ನ ಉಳಿಸಿದ ಅತ್ತೆಗೆ ಏನಾಯ್ತು ಅಂತ. ನಾನೇನು ಹೇಳಲಿ? ಎದೆ ನಿಂತುಹೋಯ್ತು ಅಂತ ಹೇಳಲಾ? ನಿಮ್ಮ ಹಾಗೆ ನಾನೂ ಗೋಡೆ ಕಾಯ್ಕೊಂಡು ಬದುಕಲಾ?"

ಅತ್ತಿಗೆ ಮೊದಲ ಬಾರಿಗೆ ಅವಳ ಮುಖ ನೋಡಿದರು. ಗುಬ್ಬಿಯ ತಾಯಿ ಅವರ ಕಂಕುಳಿಗೆ ಕೈಹಾಕಿ ಎತ್ತಿದಳು. ಒಣಗಿದ ಕಟ್ಟಿಗೆಯಷ್ಟು ಹಗುರವಾಗಿದ್ದರು ಅವರು.

ಹೊಸ ಮನೆಗೆ ಎರಡೇ ಕೋಣೆ. ಒಂದನ್ನು ಅತ್ತಿಗೆಗೆ ಬಿಟ್ಟುಕೊಟ್ಟು, ಗುಬ್ಬಿಯನ್ನು ತಮ್ಮ ನಡುವೆ ಮಲಗಿಸಿಕೊಂಡರು. ತನ್ನದೇ ಒಂದು ಮನೆ, ತನ್ನದೇ ಒಂದು ಬಾಗಿಲು ಬೇಕೆಂದು ಹಟ ಹಿಡಿದಿದ್ದವಳು ಅದರ ಮಾತನ್ನೇ ಎತ್ತಲಿಲ್ಲ. ಆದರೆ ಅಷ್ಟು ದಿನ ಅಕ್ಕ ಅಕ್ಕ ಎನ್ನುತ್ತಿದ್ದ ತಮ್ಮ ಈಗ ಅಕ್ಕನೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಅವನು ಊಟಕ್ಕೆ ಕೂತರೆ ಅತ್ತಿಗೆ ಕೋಣೆಯಲ್ಲಿರುತ್ತಿದ್ದರು. ಅವನು ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ತಿನ್ನುತ್ತಿದ್ದರು. "ಎಷ್ಟು ದಿನ ಹೀಗೆ?" ಎಂದು ಹೆಂಡತಿ ಕೇಳಿದರೆ, "ಭಾವ ಕೂಗಿದ್ದು ನನ್ನ ಕಿವೀಲಿ ನಿಂತುಬಿಟ್ಟಿದೆ, ನಾನೇನು ಮಾಡ್ಲಿ?" ಎನ್ನುತ್ತಿದ್ದ. ಮಳೆ ನಿಂತು ಎರಡು ತಿಂಗಳಾಯಿತು. ಆ ಮನೆಯಲ್ಲಿ ಮೌನ ಮಾತ್ರ ಇಳಿಯಲಿಲ್ಲ.

ಒಂದು ಭಾನುವಾರ, ಊಟದ ಹೊತ್ತಿಗೆ, ಊರಿಗೆ ಹೊಸಬರಾದ ಎಳೆಯ ಗಂಡ ಹೆಂಡತಿ ವಿಳಾಸ ಹುಡುಕಿಕೊಂಡು ಬಂದರು. ಹೆಂಡತಿ ಬಸುರಿ. ನದಿತೀರದ ಕೆಳಮನೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ಸ್ಟೇಷನ್ನಿಗೆ ಹತ್ತಿರ, ಗಾಳಿ ಬೆಳಕು ಚೆನ್ನಾಗಿದೆ, ಹೊರಗಿಂದ ನೋಡಿ ಬಂದಿದ್ದರಂತೆ. ಗುಬ್ಬಿಯ ತಾಯಿ ಗಂಡನ ಕಡೆ ತಿರುಗಿದಳು. ಮೇಜಿನ ಬಳಿ ಕೂತಿದ್ದ ಅವಳ ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

ಕೋಣೆಯ ಬಾಗಿಲು ತೆಗೆದು ಅತ್ತಿಗೆ ಹೊರಗೆ ಬಂದರು.

"ಆ ಮನೆ ಬೇಡಮ್ಮ ನಿಮಗೆ," ಎಂದರು ಬಸುರಿಗೆ. "ನೀರು ಬರತ್ತೆ ಅಲ್ಲಿ. ನನ್ನ ಗಂಡ ಅದರಲ್ಲೇ ಹೋದ್ರು. ಬಾಗಿಲು ಬಡಿದ್ರು, ಕೂಗಿದ್ರು. ನಾನು ಕೇಳಿಸಿಕೊಂಡೆ. ತೆಗೀಲಿಲ್ಲ. ಯಾರು ಕೇಳಿದ್ರೂ ಇನ್ನು ಇದನ್ನೇ ಹೇಳ್ತೀನಿ ನಾನು. ಎತ್ತರದಲ್ಲಿ ಒಂದು ಮನೆ ನೋಡಿಕೊಳ್ಳಿ, ಸಣ್ಣದಾದರೂ ಪರವಾಗಿಲ್ಲ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬರ್ತೀವಿ ಎಂದು ಮೆಲ್ಲನೆ ಇಳಿದು ಹೋದರು. ಅತ್ತಿಗೆ ಅವರು ಹೋದ ದಾರಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಯಾರ ಕಡೆಗೂ ನೋಡದೆ ತಮ್ಮ ಕೋಣೆಯತ್ತ ತಿರುಗಿದರು.

"ಅಕ್ಕ."

ಅವರು ನಿಂತರು. ಕರೆದ ತಮ್ಮ ಇನ್ನೂ ತಲೆ ಎತ್ತಿರಲಿಲ್ಲ. ಅವನ ಕಣ್ಣಿಂದ ನೀರು ತಟ್ಟೆಯೊಳಗೆ ಬೀಳುತ್ತಿತ್ತು. ಒಂದು ಕೈಯಿಂದ ಪಕ್ಕದ ಕುರ್ಚಿಯನ್ನು ಎಳೆದು, ಅದರ ಮೇಲಿದ್ದ ಗುಬ್ಬಿಯ ಪುಸ್ತಕಗಳನ್ನು ನೆಲಕ್ಕಿಟ್ಟ.

"ಊಟ ತಣ್ಣಗಾಗ್ತಿದೆ. ಬಾ, ಕೂತ್ಕೋ."